ಕೊಡಗಿನ ರಸ್ತೆಗೂ ರೇಸ್ ಟ್ರ್ಯಾಕಿಗೂ ಯಾವ ಟೈರ್? ಪದೇ ಪದೇ ಕೇಳುವ ಪ್ರಶ್ನೆಗಳು

ವಾರವಿಡೀ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆ ಬೈಕಿನಲ್ಲೇ ಕೆಲಸಕ್ಕೆ ಓಡಾಡಿ, ವರ್ಷಕ್ಕೆ ಒಂದೋ ಎರಡೋ ಸಲ ಕೊಯಮತ್ತೂರು ಅಥವಾ ಚೆನ್ನೈ ಕಡೆಯ ಟ್ರ್ಯಾಕಿಗೆ ಹೋಗುವವರು ನಮ್ಮಲ್ಲಿ ಈಗ ಜಾಸ್ತಿ. ಟೈರ್ ಬದಲಿಸುವ ಹೊತ್ತಿಗೆ ಅವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಒಂದೇ ಜೊತೆ ಟೈರಿನಲ್ಲಿ ದಿನದ ಓಡಾಟ, ಟ್ರ್ಯಾಕ್ ಎರಡೂ ಆಗುತ್ತಾ?

ಆಗುತ್ತದೆ. ಆದರೆ ಕೊಳ್ಳುವಾಗ ಯಾವುದನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತೀರಿ ಅನ್ನುವುದು ಮುಖ್ಯ. ಕೊಡಗಿನವರು ಮಳೆಗಾಲದ ಘಾಟಿ ರಸ್ತೆ ನೋಡಿ ಟೈರ್ ಕೊಳ್ಳಬೇಕು, ಅದನ್ನೇ ಟ್ರ್ಯಾಕಿಗೂ ಒಯ್ಯಬೇಕು. ಟ್ರ್ಯಾಕಿಗೆಂದು ಕೊಂಡ ಟೈರಿನಲ್ಲಿ ಜುಲೈ ತಿಂಗಳು ಕಳೆಯುವುದು ಬೇಡ.

ಮಳೆಗೆ ಒಳ್ಳೆಯದಾದ ಟೈರ್ ಟ್ರ್ಯಾಕಿನಲ್ಲಿ ಬೇಗ ಕಾದು, ಹಿಂಬದಿ ಸ್ವಲ್ಪ ಜಾರತೊಡಗಬಹುದು. ಆಗ ಒಂದೆರಡು ಸುತ್ತು ನಿಧಾನ ಮಾಡಿದರೆ ಸರಿಹೋಗುತ್ತದೆ. ಟ್ರ್ಯಾಕ್ ಟೈರ್ ಸಂಪಾಜೆ ಇಳಿಜಾರಿನಲ್ಲಿ ಜಾರಿದರೆ ಅಷ್ಟು ಸಲೀಸಲ್ಲ. ಅಲ್ಲಿ ಒಂದು ಕಡೆ ಕಣಿವೆ, ಎದುರಿಗೆ ಕೆಎಸ್‌ಆರ್‌ಟಿಸಿ ಬಸ್ಸು.

ಕೊಡಗಿನ ರಸ್ತೆಯಲ್ಲಿ ಅಂಥದ್ದೇನಿದೆ? ಬೆಂಗಳೂರಿನವರ ಸಲಹೆ ನಮಗೆ ಹೊಂದಲ್ವಾ?

ಅರ್ಧಂಬರ್ಧ ಹೊಂದುತ್ತದೆ. ಬೆಂಗಳೂರಿನವರ ತಲೆನೋವು ಟೈರಿನ ನಡುಭಾಗ ಸವೆದು ಚಪ್ಪಟೆಯಾಗುವುದು. ನಮಗೆ ನೆಟ್ಟಗಿನ ರಸ್ತೆ ಸಿಗುವುದೇ ಕುಶಾಲನಗರ ದಾಟಿದ ಮೇಲೆ. ಇಲ್ಲಿ ಬೈಕು ಎಡಕ್ಕೂ ಬಲಕ್ಕೂ ವಾಲುತ್ತಲೇ ಇರುತ್ತದೆ. ಹಾಗಾಗಿ ಟೈರಿನ ಭುಜ, ಅಂದರೆ ವಾಲಿದಾಗ ನೆಲಕ್ಕೆ ತಾಗುವ ಅಂಚಿನ ಭಾಗ, ನಮಗೆ ದಿನವೂ ಬೇಕು.

ಇನ್ನು ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಸುರಿಯುತ್ತದೆ. ಭಾಗಮಂಡಲ ಕಡೆ ಅದಕ್ಕೂ ಹೆಚ್ಚು. ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದ ಕುಶಾಲನಗರದಲ್ಲಿ ತುಂಬಾ ಕಡಿಮೆ. ಅಂದರೆ ಕುಶಾಲನಗರದಿಂದ ಮಡಿಕೇರಿಗೆ ಕೆಲಸಕ್ಕೆ ಹೋಗುವವರು ಒಣ ರಸ್ತೆಯಲ್ಲಿ ಹೊರಟು, ಸುಂಟಿಕೊಪ್ಪ ದಾಟುವಷ್ಟರಲ್ಲಿ ಒದ್ದೆ ರಸ್ತೆಗೆ ಬಂದಿರುತ್ತಾರೆ. ಬೆಳಿಗ್ಗೆ ಆಕಾಶ ನೋಡಿ ಟೈರ್ ಬದಲಿಸಲು ಆಗಲ್ಲವಲ್ಲ.

ನೀರಿಗಿಂತ ಅದರ ಜೊತೆ ಬರುವುದೇ ಹೆಚ್ಚು ಜಾರಿಸುತ್ತದೆ. ತೋಟದ ನೆರಳಿನಲ್ಲಿ ಬಿಸಿಲು ಬೀಳದ ಜಾಗದಲ್ಲಿ ಡಾಂಬರಿನ ಮೇಲೆ ಪಾಚಿ ಕಟ್ಟುತ್ತದೆ. ಸಿಲ್ವರ್ ಓಕ್ ಎಲೆ ಉದುರಿ ಒದ್ದೆಯಾಗಿ ಅಂಟಿಕೊಂಡಿರುತ್ತದೆ. ತೋಟದ ಗೇಟಿನಿಂದ ಬರುವ ಟ್ರ್ಯಾಕ್ಟರ್ ಚಕ್ರದ ಕೆಸರನ್ನು ರಸ್ತೆಗೆ ತಂದು ಬಿಡುತ್ತದೆ. ಹೇರ್‌ಪಿನ್ ತಿರುವುಗಳಲ್ಲಿ ಲಾರಿ ಟ್ಯಾಂಕಿನಿಂದ ಚೆಲ್ಲಿದ ಡೀಸೆಲ್ ಇರುತ್ತದೆ. ಮದೆನಾಡು, ಜೋಡುಪಾಲ ಕಡೆ ಮಳೆ ಜೋರಾದರೆ ಬರೆಯಿಂದ (ರಸ್ತೆ ಬದಿಯ ಕಡಿದಾದ ದಿಬ್ಬದಿಂದ) ಮಣ್ಣು ಇಳಿದು ಬರುತ್ತದೆ. 2018ರ ಆಗಸ್ಟ್ ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿತಿಮತಿ, ಆನೆಚೌಕೂರು ಕಾಡಿನ ರಸ್ತೆಯಲ್ಲಿ ತಿರುವಿನ ನಡುವೆಯೇ ಆನೆ ಲದ್ದಿ ಬಿದ್ದಿರುತ್ತದೆ. ಅದಕ್ಕೆ ಯಾವ ಕಂಪನಿಯೂ ಟೈರ್ ಮಾಡಿಲ್ಲ, ಬಿಡಿ.

ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯನ್ನೂ ಮರೆಯಬೇಡಿ. ತಿಂಗಳುಗಟ್ಟಲೆ ಕೂತ ದೂಳು, ಎಣ್ಣೆ ಎಲ್ಲ ಮೊದಲ ಹನಿಗೆ ಮೇಲೆದ್ದು ಬರುತ್ತದೆ. ಕಕ್ಕಡದ (ಜುಲೈ, ಆಗಸ್ಟ್ ಹೊತ್ತಿನ) ಜಡಿಮಳೆಯಲ್ಲಿ ತೊಳೆದ ರಸ್ತೆಗಿಂತ ಹೂಮಳೆಯ ಮೊದಲ ಹತ್ತು ಹದಿನೈದು ನಿಮಿಷ ಹೆಚ್ಚು ಜಾರುತ್ತದೆ.

ಟ್ರ್ಯಾಕ್ ಟೈರಿಗೆ ಗ್ರಿಪ್ ಜಾಸ್ತಿ ಅಲ್ವಾ? ಹಾಗಾದರೆ ರಸ್ತೆಗೂ ಅದೇ ಸೇಫ್ ಅಲ್ವಾ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದೇ. ಗ್ರಿಪ್ ಜಾಸ್ತಿ ನಿಜ. ಆದರೆ ಅದು ಟೈರ್ ಬಿಸಿಯಾದ ಮೇಲಿನ ಮಾತು.

ಪ್ರತಿ ರಬ್ಬರಿಗೂ ತನ್ನದೇ ಕೆಲಸದ ಬಿಸಿ ಇರುತ್ತದೆ. ಅದಕ್ಕಿಂತ ತಣ್ಣಗಿದ್ದರೆ ರಬ್ಬರ್ ಬಿಗಿಯುತ್ತದೆ, ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ತೆಂಗಿನೆಣ್ಣೆ ಗಟ್ಟಿಯಾಗಿ ಕೂರುವ ಹಾಗೆ. ರೇಸಿನ ಸ್ಲಿಕ್ ಟೈರುಗಳನ್ನು, ಅಂದರೆ ಪೂರ್ತಿ ಬೋಳು ಟೈರುಗಳನ್ನು, ವಾರ್ಮರ್ (ಬಿಸಿ ಮಾಡುವ ಹೊದಿಕೆ) ಸುತ್ತಿ 80 ಡಿಗ್ರಿ ಆಸುಪಾಸಿಗೆ ಕಾಯಿಸಿಯೇ ಟ್ರ್ಯಾಕಿಗೆ ಇಳಿಸುತ್ತಾರೆ. ರಸ್ತೆಯಲ್ಲಿ ಓಡಿಸಲು ಅನುಮತಿ ಇರುವ ಟ್ರ್ಯಾಕ್ ಟೈರುಗಳಿಗೆ, ಉದಾಹರಣೆಗೆ ಪಿರೆಲ್ಲಿ ಸೂಪರ್‌ಕೋರ್ಸಾದಂಥವಕ್ಕೆ, ಅಷ್ಟು ಬೇಡ. ಆದರೂ ಜೋರಾಗಿ ಬ್ರೇಕ್ ಹಿಡಿದು, ಜೋರಾಗಿ ತಿರುಗಿಸಿ, ಜೋರಾಗಿ ಆಕ್ಸಲರೇಟರ್ ಕೊಟ್ಟರೆ ಮಾತ್ರ ಅವು ಸರಿಯಾಗಿ ಕಾಯುತ್ತವೆ. ಮಳೆಗಾಲದ ಮಡಿಕೇರಿಯಲ್ಲಿ ಹಗಲಲ್ಲೂ ಇಪ್ಪತ್ತರ ಆಸುಪಾಸಿನ ಚಳಿ. ರಸ್ತೆ ತುಂಬಾ ನೀರು. ಸ್ಪೀಡ್ 40. ಟೈರ್ ಕಾಯುವುದೆಲ್ಲಿಂದ ಬಂತು?

ಎರಡನೇ ತೊಂದರೆ ಗ್ರೂವ್, ಅಂದರೆ ಟೈರಿನ ಮೇಲೆ ಕೊರೆದ ಗೆರೆಗಳು. ಟ್ರ್ಯಾಕ್ ಟೈರಿನ ಭುಜ ಬೋಳಾಗಿರುತ್ತದೆ, ಗ್ರೂವ್ ನಡುವಿನಲ್ಲಿ ನಾಲ್ಕಾರು ಮಾತ್ರ. ಒಣ ಡಾಂಬರಿನ ಮೇಲೆ ರಬ್ಬರ್ ಹೆಚ್ಚು ತಾಗಲಿ ಅಂತ ಹಾಗೆ ಮಾಡುತ್ತಾರೆ. ನೀರನ್ನು ಹೊರಗೆ ತಳ್ಳಲು ಅಲ್ಲಿ ದಾರಿ ಕಮ್ಮಿ. ಪೂರ್ತಿ ಸ್ಲಿಕ್ ಟೈರನ್ನಂತೂ ರಸ್ತೆಗೆ ಹಾಕುವ ಹಾಗೆಯೇ ಇಲ್ಲ, ಕಾನೂನಿನಲ್ಲೂ ತಪ್ಪು.

ಹಾಗಾದರೆ ಸ್ಪೋರ್ಟ್ ಟೂರಿಂಗ್ ಟೈರೇ ಬೇಕಾ? ಅದರಲ್ಲಿ ಏನಿದೆ?

ದಿನದ ಓಡಾಟ, ದೂರದ ಪ್ರಯಾಣ, ಮಳೆ, ಸ್ವಲ್ಪ ವೇಗ ಎಲ್ಲಕ್ಕೂ ಹೊಂದುವ ಟೈರ್ ಸ್ಪೋರ್ಟ್ ಟೂರಿಂಗ್. ಅದರಲ್ಲಿರುವುದು ಸಿಲಿಕಾ. ಟೈರಿನ ಕಪ್ಪು ಬಣ್ಣ, ಗಟ್ಟಿತನ ಬರುವುದು ಕಾರ್ಬನ್ ಬ್ಲ್ಯಾಕ್‌ನಿಂದ. ಸಿಲಿಕಾ ಹೆಚ್ಚು ಸೇರಿಸಿದ ರಬ್ಬರ್ ಚಳಿಯಲ್ಲೂ ಮೆತ್ತಗಿರುತ್ತದೆ, ಒದ್ದೆ ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ. ಸ್ಪೋರ್ಟ್ ಟೂರಿಂಗ್ ಟೈರುಗಳಲ್ಲಿ ಇದಕ್ಕೇ ಒತ್ತು. ಇನ್ನೊಂದು, ಡ್ಯುಯಲ್ ಕಾಂಪೌಂಡ್: ನಡುವೆ ಬೇಗ ಸವೆಯದ ರಬ್ಬರ್, ಎರಡೂ ಭುಜಕ್ಕೆ ಮೆತ್ತನೆಯದು. ಹುಣಸೂರು ರಸ್ತೆಯಲ್ಲಿ ನಡುಭಾಗ ಬಾಳಿಕೆ ಬರುತ್ತದೆ, ಘಾಟಿಯಲ್ಲೂ ಟ್ರ್ಯಾಕಿನಲ್ಲೂ ಭುಜ ಹಿಡಿಯುತ್ತದೆ. ದೊಡ್ಡ ಬೈಕಿಗೆ ಸಿಗುವ ಟೈರುಗಳಲ್ಲಿ ಇದು ಮಾಮೂಲು. ಚಿಕ್ಕ ಸೈಜುಗಳಲ್ಲಿ ಎಲ್ಲದರಲ್ಲೂ ಇರುವುದಿಲ್ಲ, ಕೇಳಿ ನೋಡಿಕೊಳ್ಳಿ.

ಒಣ ರಸ್ತೆಯ ಹಿಡಿತಕ್ಕೆ ಹೆಚ್ಚು ಒತ್ತು ಕೊಟ್ಟ ಸ್ಪೋರ್ಟ್ ಟೈರ್, ಸ್ಪೋರ್ಟ್ ಟೂರಿಂಗ್ ಟೈರ್ ನಡುವೆ ತೂಗಾಡುವವರಿಗೆ ನನ್ನ ಲೆಕ್ಕ ಇಷ್ಟು. ಮಡಿಕೇರಿ, ನಾಪೋಕ್ಲು, ಭಾಗಮಂಡಲ, ಸೋಮವಾರಪೇಟೆಯ ಮಳೆ ಕಡೆ ಮನೆ ಇದ್ದರೆ ಸ್ಪೋರ್ಟ್ ಟೂರಿಂಗ್. ಕುಶಾಲನಗರದ ಕಡೆಯವರು, ಜೋರು ಮಳೆಯಲ್ಲಿ ಬೈಕು ತೆಗೆಯದೆ ಬಸ್ಸು ಹತ್ತುವವರು ಸ್ಪೋರ್ಟ್ ಟೈರ್ ಹಾಕಿಸಿಕೊಂಡರೆ ತಪ್ಪೇನಿಲ್ಲ.

ರೇಡಿಯಲ್ಲಾ, ಬಯಾಸಾ?

ಬಯಾಸ್ ಟೈರಿನ ಒಳಗಿನ ನೂಲುಗಳು ಓರೆಯಾಗಿ ಒಂದರ ಮೇಲೊಂದು ಹಾಯುತ್ತವೆ. ರೇಡಿಯಲ್‌ನಲ್ಲಿ ಅಡ್ಡಡ್ಡ ಹೋಗುತ್ತವೆ, ಮೇಲೊಂದು ಪಟ್ಟಿ ಸುತ್ತಿರುತ್ತದೆ. ರೇಡಿಯಲ್ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ, ವೇಗದಲ್ಲಿ ಆಕಾರ ಕೆಡುವುದಿಲ್ಲ. ಟ್ರ್ಯಾಕಿನಲ್ಲಿ ಹದಿನೈದು ನಿಮಿಷ ಸತತ ಓಡಿಸುವಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಬಯಾಸ್ ಟೈರಿನ ಪಕ್ಕ ಗಟ್ಟಿ. ಗುಂಡಿ, ಕಲ್ಲು, ಭಾರ ತಡೆಯುತ್ತದೆ, ಬೆಲೆಯೂ ಕಮ್ಮಿ.

ನಿಮ್ಮ ಬೈಕಿಗೆ ರೇಡಿಯಲ್ ಬಂದಿದ್ದರೆ ರೇಡಿಯಲ್ಲನ್ನೇ ಹಾಕಿಸಿ. ಎರಡೂ ಬಯಾಸ್ ಬಂದಿದ್ದರೆ, ಕಂಪನಿ ಒಪ್ಪಿದ ಸೈಜಿನಲ್ಲಿ ಸಿಕ್ಕರೆ ಮಾತ್ರ ಬದಲಿಸಿ. ಮುಂದೆ ಬಯಾಸ್, ಹಿಂದೆ ರೇಡಿಯಲ್ ಇರುವ ಬೈಕುಗಳನ್ನು ಕಂಪನಿಯೇ ಕೊಡುತ್ತದೆ, ಯಮಹಾ ಆರ್15 ಹಾಗೆಯೇ ಬಂದಿದೆ. ಇದನ್ನು ತಿರುಗಿಸಿ ಮುಂದೆ ರೇಡಿಯಲ್, ಹಿಂದೆ ಬಯಾಸ್ ಮಾತ್ರ ಮಾಡಬೇಡಿ.

ಟೈರಿನ ಪಕ್ಕದಲ್ಲಿ ಬರೆದಿರುವುದನ್ನು ಓದುವುದು ಹೇಗೆ?

140/70 ಆರ್ 17, 66 ಎಚ್ ಅಂತ ಇದೆ ಅಂದುಕೊಳ್ಳಿ. 140 ಅಂದರೆ ಅಗಲ, ಮಿಲಿಮೀಟರಿನಲ್ಲಿ. 70 ಅಂದರೆ ಟೈರಿನ ಪಕ್ಕದ ಎತ್ತರ ಅಗಲದ ಶೇಕಡಾ 70. ಆರ್ ಇದ್ದರೆ ರೇಡಿಯಲ್, ಬರೀ ಅಡ್ಡಗೆರೆ ಇದ್ದರೆ ಬಯಾಸ್. 17 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. 66 ಅನ್ನುವುದು ಭಾರದ ಸಂಕೇತ, ಆ ಟೈರ್ 300 ಕಿಲೋ ಹೊರುತ್ತದೆ. ಕೊನೆಯ ಅಕ್ಷರ ವೇಗದ್ದು: ಪಿ ಗಂಟೆಗೆ 150 ಕಿಲೋಮೀಟರ್, ಎಸ್ 180, ಎಚ್ 210, ವಿ 240.

ಟ್ರ್ಯಾಕಿಗೆ ಹೋಗುವವರು ಈ ಕೊನೆಯ ಅಕ್ಷರ ನೋಡಲೇಬೇಕು. 150 ಮುಟ್ಟುವ ಬೈಕಿಗೆ ಪಿ ಟೈರ್ ಹಾಕಿಸಿಕೊಂಡು ಚೆನ್ನೈ ಟ್ರ್ಯಾಕಿನ ಸ್ಟ್ರೇಟ್‌ನಲ್ಲಿ (ನೆಟ್ಟಗಿನ ಭಾಗದಲ್ಲಿ) ಎಳೆದರೆ ಟೈರಿನ ಮಿತಿ ಅಲ್ಲೇ ಮುಗಿದಿರುತ್ತದೆ.

ಚಿಕ್ಕ ಗೂಡಿನೊಳಗೆ ನಾಲ್ಕು ಅಂಕೆ ಇರುತ್ತದೆ. 2324 ಅಂದರೆ 2024ರ 23ನೇ ವಾರ ತಯಾರಾದ ಟೈರ್. ಅಂಗಡಿಯಲ್ಲಿ ಹಣ ಕೊಡುವ ಮೊದಲು ಎರಡೂ ಟೈರಿನದ್ದು ನೋಡಿ. ವರ್ಷ ಎರಡು ದಾಟಿದ್ದರೆ ನಾನು ಬೇರೆ ಕೇಳುತ್ತೇನೆ.

ಹಿಂದಕ್ಕೆ ಒಂದು ಸೈಜ್ ದಪ್ಪ ಹಾಕಿಸಿದರೆ ಗ್ರಿಪ್ ಜಾಸ್ತಿ ಆಗಲ್ವಾ?

ನೋಡಲು ಚೆನ್ನಾಗಿರುತ್ತದೆ. ಅಷ್ಟೇ. ಅಗಲ ಟೈರನ್ನು ಕಿರಿದಾದ ರಿಮ್ಮಿಗೆ ಹಾಕಿದರೆ ಅಂಚು ಒಳಕ್ಕೆ ಹಿಂಡಿಕೊಂಡು ನಡುಭಾಗ ಉಬ್ಬುತ್ತದೆ. ವಾಲಿದಾಗ ನೆಲಕ್ಕೆ ತಾಗುವ ಜಾಗ ಕಂಪನಿ ಲೆಕ್ಕ ಹಾಕಿದಂತೆ ಇರುವುದಿಲ್ಲ. ಬೈಕು ತಿರುಗಲು ಭಾರವಾಗುತ್ತದೆ. ಮಾಕುಟ್ಟ ಘಾಟಿಯ ತಿರುವುಗಳಲ್ಲಿ ಒಂದು ಸಲ ಹತ್ತಿ ಇಳಿದರೆ ತೋಳಿಗೆ ಗೊತ್ತಾಗುತ್ತದೆ.

ಎತ್ತರವೂ ಬದಲಾಗುತ್ತದೆ. 130/70-17 ಟೈರಿನ ವ್ಯಾಸ 614 ಮಿಲಿಮೀಟರ್ ಇದ್ದರೆ 140/70-17ರದ್ದು 628. ಇದರಿಂದ ಗೇರಿಂಗ್ ಬದಲಾಗುತ್ತದೆ, ಚೈನ್ ಗಾರ್ಡಿಗೆ ಉಜ್ಜಬಹುದು. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೂಡ ಚಕ್ರದ ಸುತ್ತಿನ ಲೆಕ್ಕದ ಮೇಲೇ ಕೆಲಸ ಮಾಡುವುದು. ಕಂಪನಿ ಸೈಜಿನಲ್ಲೇ ಇರಿ.

ನನ್ನ ಬೈಕಿಗೆ ಯಾವುದು ಅಂತ ನೇರವಾಗಿ ಹೇಳಿ.

ಹೇಳೋಣ, ಆದರೆ ನಿಮ್ಮ ಸೈಜಿನಲ್ಲಿ ಸಿಗುತ್ತದಾ ಅಂತ ಮೊದಲು ನೋಡಿ.

100, 125 ಸಿಸಿ ಬೈಕುಗಳಿಗೆ ಟ್ರ್ಯಾಕಿನ ಯೋಚನೆಯೇ ಬೇಡ. ಹಳೆಯ ಟೈರ್ ತೆಗೆದು ಒಳ್ಳೆಯ ಕಂಪನಿಯ ಹೊಸ ಟೈರ್ ಹಾಕಿಸಿ, ಸಾಕು.

150ರಿಂದ 200 ಸಿಸಿ ಬೈಕುಗಳಿಗೆ ದೇಸಿ ಟೈರುಗಳಲ್ಲೇ ಆಯ್ಕೆ ಚೆನ್ನಾಗಿದೆ. ಎಂಆರ್‌ಎಫ್ ರೆವ್ಝ್, ಟಿವಿಎಸ್ ಯೂರೋಗ್ರಿಪ್ ಪ್ರೊಟಾರ್ಕ್ ಸಾಲು, ವಿದೇಶಿ ಕಂಪನಿಯದು ಬೇಕಾದರೆ ಮಿಶೆಲಿನ್ ಪೈಲಟ್ ಸ್ಟ್ರೀಟ್ ನೋಡಬಹುದು. ಈ ಬೈಕುಗಳ ಶಕ್ತಿಗೆ ಟ್ರ್ಯಾಕಿನಲ್ಲೂ ಇವು ಸಾಕು. ಟ್ರ್ಯಾಕಿನಲ್ಲಿ ಮೊದಲು ಕಲಿಯಬೇಕಾದದ್ದು ಬ್ರೇಕ್ ಎಲ್ಲಿ ಹಿಡಿಯಬೇಕು, ಕಣ್ಣು ಎಲ್ಲಿಡಬೇಕು ಅನ್ನುವುದು. ಅದಕ್ಕೆ ದುಬಾರಿ ಟೈರ್ ಬೇಕಿಲ್ಲ.

300, 400 ಸಿಸಿಯಲ್ಲಿ ಮಜಾ ಶುರು. 110/70 ಆರ್ 17 ಮುಂದೆ, 150/60 ಆರ್ 17 ಹಿಂದೆ ಇರುವ ಬೈಕುಗಳು ಬೇಕಾದಷ್ಟಿವೆ, ಆ ಸೈಜಿನಲ್ಲಿ ಟೈರೂ ಹೆಚ್ಚು ಸಿಗುತ್ತವೆ. ಅಪಾಚೆ ಆರ್‌ಆರ್ 310ಕ್ಕೆ 2020ರ ಮಾದರಿಯಿಂದ ಕಂಪನಿಯೇ ಮಿಶೆಲಿನ್ ರೋಡ್ 5 ಕೊಟ್ಟಿತು. ಅದು ಮಳೆಗೆಂದೇ ಹೆಸರಾದ ಸ್ಪೋರ್ಟ್ ಟೂರಿಂಗ್ ಟೈರ್. ಅದೇ ಟೈರಿನಲ್ಲಿ ಟ್ರ್ಯಾಕಿಗೆ ಹೋಗಿ ಬರುವವರು ಎಷ್ಟೋ ಜನ. ಕೊಡಗಿನವರಿಗೆ ನಾನು ಮೊದಲು ಹೇಳುವ ಹೆಸರೂ ಅದೇ. ಕೆಟಿಎಂ 390ರ ಜೊತೆ ಬರುತ್ತಿದ್ದ ಮೆಟ್ಸೆಲರ್ ಸ್ಪೋರ್ಟೆಕ್ ಎಂ5 ಟ್ರ್ಯಾಕಿನ ಕಡೆಗೆ ಸ್ವಲ್ಪ ಹೆಚ್ಚು ವಾಲಿದ ಟೈರ್. ಪಿರೆಲ್ಲಿ ಡಿಯಾಬ್ಲೊ ರೊಸ್ಸೊ ಸಾಲು ಇನ್ನೂ ಸ್ವಲ್ಪ ಆ ಕಡೆ. ದೇಸಿಯಲ್ಲಿ ಅಪೊಲೊ ಆಲ್ಫಾ ಎಚ್1, ಪ್ರೊಟಾರ್ಕ್ ಎಕ್ಸ್‌ಟ್ರೀಮ್ ಕೇಳಿ ನೋಡಿ.

ವಿದೇಶಿ ಟೈರ್ ಕೆಲವು ಸಲ ಸಿಗುವುದೇ ಇಲ್ಲ ಅಂತ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಆಮದಿಗೆ ಲೈಸೆನ್ಸ್ ಬೇಕಾಯಿತು.

ಹಿಮಾಲಯನ್ ಥರದ ಬೈಕು, ಬಟನ್ ಟೈರ್ ಇದೆ. ಟ್ರ್ಯಾಕಿಗೆ ಒಯ್ಯಬಹುದಾ?

ತೋಟದ ರಸ್ತೆ, ಕೆಸರು, ಮಾಂದಲಪಟ್ಟಿ ಹತ್ತುವುದಕ್ಕೆ ದಪ್ಪ ಉಬ್ಬುಗಳಿರುವ ಬಟನ್ ಟೈರ್ ಸರಿ. ಡಾಂಬರಿನ ಮೇಲೆ ಆ ಬಟನ್‌ಗಳು ಅಲ್ಲಾಡುತ್ತವೆ, ಅದರಲ್ಲೂ ಒದ್ದೆ ಡಾಂಬರಿನ ಮೇಲೆ ಹಿಡಿತ ಕಮ್ಮಿ. ಕೆಸರಿನಲ್ಲಿ ಚೆನ್ನಾಗಿ ಹೋಗುತ್ತದೆ ಅಂತ ಮಳೆಯ ಘಾಟಿಯಲ್ಲೂ ಅದನ್ನು ನಂಬಿದರೆ ಕಷ್ಟ. ಟ್ರ್ಯಾಕಿನಲ್ಲಿ ಬಟನ್ ಕಾದು ಹರಿದುಹೋಗುತ್ತದೆ. ರಸ್ತೆ ಟೈರ್ ಇದ್ದರೆ ಮಾತ್ರ ಹೋಗಿ.

ನಮಗೆ ಹತ್ತಿರದ ಟ್ರ್ಯಾಕ್ ಯಾವುದು?

ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ. 2003ರಲ್ಲಿ ಶುರುವಾದದ್ದು, ಒಂದು ಸುತ್ತು 2.1 ಕಿಲೋಮೀಟರ್. ಮೈಸೂರು, ಚಾಮರಾಜನಗರ, ದಿಂಬಂ ಘಾಟಿ ದಾರಿಯಲ್ಲಿ ಮಡಿಕೇರಿಯಿಂದ 300 ಕಿಲೋಮೀಟರ್ ಮೀರುತ್ತದೆ. ಇನ್ನೊಂದು ಚೆನ್ನೈ ಹತ್ತಿರ ಇರುಂಗಾಟುಕೋಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್, 3.7 ಕಿಲೋಮೀಟರ್, 12 ತಿರುವು. ಅದು 550 ಕಿಲೋಮೀಟರ್ ಆಸುಪಾಸು. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ 5 ಕಿಲೋಮೀಟರ್ ದಾಟಿದ ದೊಡ್ಡ ಟ್ರ್ಯಾಕ್. ಆದರೆ ನಮಗೆ ಅದು ದೆಹಲಿ ಮಾತು.

ಕರಿಯಲ್ಲಿ ಸ್ಟ್ರೇಟ್ ಚಿಕ್ಕದು, ತಿರುವು ಒಂದರ ಹಿಂದೆ ಒಂದು ಬರುತ್ತದೆ. ಭುಜಕ್ಕೆ ಕೆಲಸ ಜಾಸ್ತಿ. ಚೆನ್ನೈಯಲ್ಲಿ ವೇಗ ಹೆಚ್ಚು, ಜೊತೆಗೆ ಅಲ್ಲಿಯ ಸೆಕೆ. ಮಧ್ಯಾಹ್ನ ಡಾಂಬರೇ ಕಾದು ಕೂತಿರುವಾಗ ಸ್ಪೋರ್ಟ್ ಟೂರಿಂಗ್ ಟೈರ್ ಬೇಗ ಸುಸ್ತಾಗುತ್ತದೆ. ಬೆಳಗಿನ ಸೆಷನ್‌ಗಳಲ್ಲಿ (ಟ್ರ್ಯಾಕಿಗೆ ಇಳಿಯುವ ಸರದಿಗಳಲ್ಲಿ) ಜೋರಾಗಿ ಓಡಿಸಿ, ಮಧ್ಯಾಹ್ನ ತಂತ್ರ ಕಲಿಯಿರಿ.

ಟ್ರ್ಯಾಕಿಗೆ ಬೈಕು ಓಡಿಸಿಕೊಂಡೇ ಹೋಗಬಹುದಾ?

ಹೋಗಬಹುದು. ಆದರೆ ವಾಪಸ್ ಬರುವ ದಾರಿಯನ್ನು ಲೆಕ್ಕ ಹಾಕಿ. ಇಡೀ ದಿನ ಟ್ರ್ಯಾಕಿನಲ್ಲಿ ಓಡಿಸಿದ ಮೇಲೆ ಟೈರೂ ಸವೆದಿರುತ್ತದೆ, ನೀವೂ ದಣಿದಿರುತ್ತೀರಿ. ಬಿದ್ದು ಲಿವರ್ ಮುರಿದರೆ ಬೈಕು ಬರುವುದು ಹೇಗೆ? ನಾಲ್ಕೈದು ಜನ ಸೇರಿ ಒಂದು ಪಿಕಪ್ ಮಾಡಿಕೊಂಡು ಬೈಕುಗಳನ್ನು ಕಟ್ಟಿ ಕಳಿಸುವುದು ಒಳ್ಳೆಯದು. ಓಡಿಸಿಕೊಂಡು ಹೋಗುವವರಿಗೆ ಹುಣಸೂರು, ಪಿರಿಯಾಪಟ್ಟಣ ದಾರಿಯಲ್ಲಿ ಒಂದು ಎಚ್ಚರಿಕೆ: ಸುಗ್ಗಿ ಕಾಲದಲ್ಲಿ ರಸ್ತೆ ಮೇಲೆ ಹುರುಳಿ, ರಾಗಿ ಹರಡಿರುತ್ತಾರೆ. ಆ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಯಾವ ಟೈರೂ ನಿಲ್ಲುವುದಿಲ್ಲ.

ಗಾಳಿ ಎಷ್ಟು ಹಾಕಿಸಬೇಕು?

ರಸ್ತೆಗೆ, ಸ್ವಿಂಗ್‌ಆರ್ಮ್ ಅಥವಾ ಚೈನ್ ಕವರ್ ಮೇಲಿನ ಸ್ಟಿಕ್ಕರಿನಲ್ಲಿ ಇರುವಷ್ಟು. ಟೈರಿನ ಪಕ್ಕದಲ್ಲಿ ಬರೆದಿರುವುದು ಗರಿಷ್ಠ ಮಿತಿ, ಅದನ್ನು ನೋಡಿ ಹಾಕಿಸಬೇಡಿ. ಟೈರ್ ತಣ್ಣಗಿರುವಾಗ ಅಳೆಯಬೇಕು. ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂಕಿಗೆ ಹೋದರೆ ಗೇಜ್ ಎರಡು ಮೂರು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೆಚ್ಚೇ ತೋರಿಸುತ್ತದೆ, ಹುಡುಗ ಅಷ್ಟನ್ನು ತೆಗೆದುಬಿಡುತ್ತಾನೆ. ಮಾರನೇ ದಿನ ಬೆಳಿಗ್ಗೆ ಟೈರ್ ಮೆತ್ತಗೆ. ಒಂದು ಸ್ವಂತ ಗೇಜ್ ಇಟ್ಟುಕೊಳ್ಳಿ, ಬೆಲೆ ಹೆಚ್ಚೇನಿಲ್ಲ.

ಮಳೆಗಾಲದಲ್ಲಿ ಗಾಳಿ ಕಮ್ಮಿ ಮಾಡಿದರೆ ಗ್ರಿಪ್ ಬರುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕೆಸರಿಗೆ ಸರಿ, ಡಾಂಬರಿಗೆ ಅಲ್ಲ. ಗಾಳಿ ಕಮ್ಮಿಯಾದರೆ ಗ್ರೂವ್‌ಗಳು ಮುಚ್ಚಿಕೊಳ್ಳುತ್ತವೆ, ನೀರು ಹೊರಗೆ ಹೋಗುವುದಿಲ್ಲ.

ಟ್ರ್ಯಾಕಿನಲ್ಲಿ ಟೈರ್ ತುಂಬಾ ಕಾಯುತ್ತದೆ, ಕಾದಂತೆ ಒಳಗಿನ ಒತ್ತಡ ಏರುತ್ತದೆ. ಅದಕ್ಕೇ ಸ್ವಲ್ಪ ಕಮ್ಮಿಯಿಂದ ಶುರು ಮಾಡುತ್ತಾರೆ. ರಸ್ತೆ ಟೈರ್ ಆದರೆ ಮೊದಲ ಸೆಷನ್ ರಸ್ತೆಯ ಒತ್ತಡದಲ್ಲೇ ಹೋಗಿ. ಬಂದ ಕೂಡಲೇ, ಬಿಸಿ ಇರುವಾಗಲೇ, ಗೇಜ್ ಹಿಡಿಯಿರಿ. ತಣ್ಣಗಿದ್ದದ್ದಕ್ಕಿಂತ ಶೇಕಡಾ ಹತ್ತು ಏರಿದ್ದರೆ ಮಾಮೂಲು. ಅದಕ್ಕಿಂತ ತುಂಬಾ ಏರಿದ್ದರೆ, ಬೈಕು ಜಾರುತ್ತಿದ್ದರೆ, ಒಂದೊಂದೇ ಪಿಎಸ್‌ಐ ಇಳಿಸಿ ನೋಡಿ. ಒಟ್ಟು ಎರಡು ಮೂರಕ್ಕಿಂತ ಹೆಚ್ಚು ಇಳಿಸಬೇಡಿ.

ಬೆಟ್ಟದಿಂದ ಇಳಿದು ಬಯಲಿಗೆ ಹೋದರೆ ಗಾಳಿ ಬದಲಾಗುತ್ತದಾ?

ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡ ಚೆನ್ನೈಗಿಂತ ಸುಮಾರು 2 ಪಿಎಸ್‌ಐ ಕಮ್ಮಿ. ಗೇಜ್ ತೋರಿಸುವುದು ಟೈರಿನ ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು. ಹಾಗಾಗಿ ಮಡಿಕೇರಿಯಲ್ಲಿ 30 ಹಾಕಿಸಿದರೆ ಕೆಳಗೆ 28 ಕಾಣಬೇಕು. ಆದರೆ ಬೆಳಿಗ್ಗೆ 18 ಡಿಗ್ರಿಯಲ್ಲಿ ತುಂಬಿಸಿದ ಗಾಳಿ ಅಲ್ಲಿಯ 33 ಡಿಗ್ರಿಯಲ್ಲಿ ಹಿಗ್ಗಿ ಸುಮಾರು 2 ಪಿಎಸ್‌ಐ ಏರುತ್ತದೆ. ಇದೂ ಅದೂ ಸರಿಹೋಗಿ ಮತ್ತೆ 30ರ ಹತ್ತಿರವೇ! ಕೊಯಮತ್ತೂರು ಸುಮಾರು 400 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಒಂದು ಪಿಎಸ್‌ಐ ಹೆಚ್ಚು ಕಾಣಬಹುದು.

ಎಡವಟ್ಟಾಗುವುದು ಬರುವಾಗ. ಟ್ರ್ಯಾಕಿನಲ್ಲಿ ಇಳಿಸಿದ ಗಾಳಿಯನ್ನು ಹಾಗೇ ಬಿಟ್ಟು, ಹಿಂದೆ ಬ್ಯಾಗ್ ಕಟ್ಟಿಕೊಂಡು ಹೊರಟರೆ ಗುಂಡಿಗೆ ರಿಮ್ ಬಾಗುತ್ತದೆ. ಹೊರಡುವ ಮೊದಲು, ಟೈರ್ ತಣ್ಣಗಾದ ಮೇಲೆ, ಮತ್ತೆ ತುಂಬಿಸಿ.

ನೈಟ್ರೋಜನ್ ಹಾಕಿಸಬೇಕಾ?

ಪುಕ್ಕಟೆ ಕೊಟ್ಟರೆ ಹಾಕಿಸಿ. ಮಾಮೂಲಿ ಗಾಳಿಯಲ್ಲೂ ಶೇಕಡಾ 78 ನೈಟ್ರೋಜನ್ನೇ.

ಹೊಸ ಟೈರ್ ಹಾಕಿಸಿದ ಮಾರನೇ ದಿನ ಟ್ರ್ಯಾಕಿಗೆ ಹೋಗಬಹುದಾ?

ಬೇಡ. ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ. 150, 200 ಕಿಲೋಮೀಟರ್ ಮೆಲ್ಲಗೆ ಓಡಿಸಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚು ವಾಲಿಸುತ್ತಾ ಭುಜದವರೆಗೂ ಉಜ್ಜಿಸಬೇಕು. ಮಳೆಯಲ್ಲಿ ಹೊಸ ಟೈರ್ ಇನ್ನೂ ಮೋಸ. ಮೇ ತಿಂಗಳಲ್ಲಿ ಬದಲಿಸಿದರೆ ಜೂನ್ ಮಳೆಗೆ ತಯಾರಾಗಿರುತ್ತದೆ.

ಟೈರ್ ಬಿಸಿ ಮಾಡಲೆಂದು ಕೆಲವರು ಹಾವಿನಂತೆ ಆ ಕಡೆ ಈ ಕಡೆ ಓಡಿಸುತ್ತಾರೆ. ಅದರಿಂದ ಹೆಚ್ಚೇನೂ ಕಾಯುವುದಿಲ್ಲ. ನೆಟ್ಟಗೆ ಇರುವಾಗ ಬ್ರೇಕ್ ಮತ್ತು ಆಕ್ಸಲರೇಟರನ್ನು ಹಂತ ಹಂತವಾಗಿ ಹೆಚ್ಚಿಸುವುದೇ ಸರಿಯಾದ ದಾರಿ.

ಟ್ರ್ಯಾಕಿನಿಂದ ಬಂದ ಟೈರ್ ನೋಡಿ ಏನು ತಿಳಿಯಬಹುದು?

ಬಹಳಷ್ಟು. ಭುಜದ ಮೇಲೆ ರಬ್ಬರ್ ಸಣ್ಣ ಸಣ್ಣ ಉಂಡೆಯಾಗಿ ಸುರುಳಿಕೊಂಡಿದ್ದರೆ ಚಿಂತೆ ಇಲ್ಲ. ಆಳವಾಗಿ, ಒರಟಾಗಿ ಕಿತ್ತುಬಂದಿದ್ದರೆ ಒತ್ತಡ ಸರಿಯಿಲ್ಲ, ಅಥವಾ ಸಸ್ಪೆನ್ಶನ್ ಹೊಂದಿಲ್ಲ, ಅಥವಾ ಟೈರ್ ಕಾಯುವ ಮೊದಲೇ ನೀವು ಜೋರು ಮಾಡಿದ್ದೀರಿ. ನೀಲಿ ಹೊಳಪು ಬಂದಿದ್ದರೆ ತುಂಬಾ ಕಾದಿದೆ ಅಂತ ಅನುಮಾನ ಪಡಿ. ಬಲಭುಜ ಎಡಭುಜಕ್ಕಿಂತ ಹೆಚ್ಚು ಸವೆದಿದ್ದರೆ ಗಾಬರಿ ಬೇಡ. ಗಡಿಯಾರದ ದಿಕ್ಕಿನಲ್ಲಿ ಸುತ್ತುವ ಟ್ರ್ಯಾಕಿನಲ್ಲಿ ಬಲ ತಿರುವಿನ ಕೆಲಸವೇ ಹೆಚ್ಚು.

ಪ್ರತಿ ಸೆಷನ್‌ನಲ್ಲೂ ಟೈರ್ ಕಾದು ತಣಿಯುತ್ತದೆ. ಹೀಗೆ ಕಾದು ತಣಿದಷ್ಟೂ ರಬ್ಬರ್ ಗಟ್ಟಿಯಾಗುತ್ತಾ ಹೋಗುತ್ತದೆ. ಗ್ರೂವ್ ಇದ್ದರೂ ಮಳೆಯಲ್ಲಿ ಹಿಡಿತ ಮೊದಲಿನ ಹಾಗಿರುವುದಿಲ್ಲ. ಎರಡು ಮೂರು ಟ್ರ್ಯಾಕ್ ದಿನ ಕಂಡ ಟೈರನ್ನು ಇನ್ನೊಂದು ಮಳೆಗಾಲಕ್ಕೆ ಉಳಿಸಿಕೊಳ್ಳುವ ಮೊದಲು ಯೋಚಿಸಿ. ಹಾಗಾಗಿ ಟ್ರ್ಯಾಕಿಗೆ ಹೋಗುವುದನ್ನು ಟೈರಿನ ಆಯಸ್ಸಿನ ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯ ಉಪಾಯ. ಮಳೆಗಾಲ ಮುಗಿಸಿ, ಬೇಸಿಗೆಯಲ್ಲಿ ಟ್ರ್ಯಾಕ್ ಮುಗಿಸಿ, ಮೇನಲ್ಲಿ ಹೊಸ ಟೈರ್. ಆದರೆ ಆಗಲೂ ಗ್ರೂವ್ ಅರ್ಧದಷ್ಟಾದರೂ ಇರಲಿ.

ಯಾವಾಗ ಬದಲಿಸಲೇಬೇಕು?

ಗ್ರೂವ್ ಒಳಗೆ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತದೆ. ಟೈರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಮುಗಿಯಿತು. ದ್ವಿಚಕ್ರ ವಾಹನಕ್ಕೆ ಕಾನೂನಿನ ಕನಿಷ್ಠ ಆಳ 0.8 ಮಿಲಿಮೀಟರ್. ಕೊಡಗಿನ ಮಳೆಗೆ ಅದು ಏನೇನೂ ಸಾಲದು. 2 ಮಿಲಿಮೀಟರ್ ಆಗುವಷ್ಟರಲ್ಲಿ ಬದಲಿಸಿ ಅನ್ನುವುದು ನನ್ನ ಮಾತು. ಗ್ರೂವ್ ಇದ್ದರೂ ಐದು ವರ್ಷ ದಾಟಿದರೆ, ಪಕ್ಕದಲ್ಲಿ ಬಿರುಕು ಕಂಡರೆ, ತಿಳಿದವರಿಗೆ ತೋರಿಸಿ.

ಹಿಂದಿನ ಟೈರ್ ಬೇಗ ಸವೆಯುತ್ತದೆ. ಅದನ್ನು ಮಾತ್ರ ಬದಲಿಸಬಹುದು, ಮುಂದಿನದು ಅದೇ ಜಾತಿಯದಾಗಿ ಚೆನ್ನಾಗಿದ್ದರೆ. ಮುಂದೆ ಬೋಳು, ಹಿಂದೆ ಹೊಸದು ಅಂತ ಮಾಡಬೇಡಿ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೇ ಬೀಳುವುದು.

ಪಂಚರ್ ಹಾಕಿದ ಟೈರಿನಲ್ಲಿ ಟ್ರ್ಯಾಕಿಗೆ ಇಳಿಯಬಹುದಾ?

ಟ್ಯೂಬ್‌ಲೆಸ್ ಟೈರಿನ ನಡುಭಾಗದಲ್ಲಿ ಒಂದು ಮೊಳೆ ತೂತು, ಬತ್ತಿ ತುರುಕಿದ್ದಾರೆ ಅಂದರೆ ಮನೆ, ಆಫೀಸು ಓಡಾಟಕ್ಕೆ ನಡೆಯುತ್ತದೆ. ಟ್ರ್ಯಾಕಿಗೆ ಬೇಡವೇ ಬೇಡ. ಬಿಸಿಗೆ ಬತ್ತಿ ಸಡಿಲಾಗಬಹುದು. ಭುಜದಲ್ಲಿ ಅಥವಾ ಪಕ್ಕದಲ್ಲಿ ತೂತಾಗಿದ್ದರೆ ರಸ್ತೆಗೂ ಬೇಡ, ಬದಲಿಸಿ.

ಆನ್‌ಲೈನ್‌ನಲ್ಲಿ ತರಿಸಲಾ, ಅಂಗಡಿಯಲ್ಲಿ ಕೊಳ್ಳಲಾ?

ಎಲ್ಲಾದರೂ ಕೊಳ್ಳಿ, ಹಾಕುವುದು ಯಾರು ಅನ್ನುವುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಅಲಾಯ್ ಚಕ್ರದ ರೇಡಿಯಲ್ ಟೈರನ್ನು ಕಬ್ಬಿಣದ ಲಿವರಿನಲ್ಲಿ ಎಬ್ಬಿಸಿದರೆ ರಿಮ್ಮಿಗೆ ಗೀರು ಬಿದ್ದು ಗಾಳಿ ಸೋರುತ್ತದೆ. ಟೈರ್ ಬಿಚ್ಚುವ ಮೆಷಿನ್, ಬ್ಯಾಲೆನ್ಸಿಂಗ್ ಇರುವ ಕಡೆಯೇ ಹಾಕಿಸಿ. ನಿಮ್ಮ ಊರಿನಲ್ಲಿ ಇಲ್ಲದಿದ್ದರೆ ಮೈಸೂರಿಗೆ ಹೋದಾಗ ಆ ಕೆಲಸವನ್ನೂ ಮುಗಿಸಿಕೊಂಡು ಬನ್ನಿ. ಪಕ್ಕದಲ್ಲಿ ಬಾಣದ ಗುರುತು ಇರುತ್ತದೆ, ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೆ ಅದು ಇದೆಯಾ ಅಂತ ಅಲ್ಲೇ ನಿಂತು ನೋಡಿ. ವಾಲ್ವ್ ಹೊಸದು ಹಾಕಿಸಿ.

ತೆಗೆದಿಟ್ಟ ಟೈರನ್ನು ಎಲ್ಲಿ ಇಡಬೇಕು?

ಬಿಸಿಲು ಬೀಳದ, ಒಣ ಜಾಗದಲ್ಲಿ, ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ನೀರಿನ ಮೋಟರ್ ಇರುವ ಕೋಣೆ ಬೇಡ. ಮೋಟರಿನ ಕಿಡಿಯಿಂದ ಹುಟ್ಟುವ ಓಝೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ.

ಬೈಕು ತೊಳೆದ ಮೇಲೆ ಟೈರಿಗೆ ಪಾಲಿಶ್ ಹಚ್ಚಬಹುದಾ?

ಬೇಡ. ಕಾರಿನ ಟೈರ್ ವಾಲುವುದಿಲ್ಲ, ಬೈಕಿನದ್ದು ಪಕ್ಕದವರೆಗೂ ನೆಲಕ್ಕೆ ತಾಗುತ್ತದೆ. ಸರ್ವಿಸ್‌ಗೆ ಬಿಟ್ಟಾಗಲೂ ಟೈರಿಗೆ ಏನೂ ಹಚ್ಚಬೇಡಿ ಅಂತ ಮೊದಲೇ ಹೇಳಿ. ಚೈನಿಗೆ ಲ್ಯೂಬ್ ಹೊಡೆಯುವಾಗ ಹಿಂದಿನ ಟೈರಿಗೆ ಒಂದು ಬಟ್ಟೆ ಅಡ್ಡ ಹಿಡಿಯಿರಿ. ತೊಳೆಯಲು ಸೋಪು ನೀರು ಸಾಕು.